ಹಸಿರು ಟಾಪಿನ ಬೆನ್ನು

ಮಾರ್ಚ್ ೯, ಭಾನುವಾರ

ಹೆಣೆದದ್ದನ್ನು ನಾಲ್ಕು ಸಲ ಬಿಚ್ಚಿದೆನಲ್ಲ, ಅದೇ ತಲೆ ತಿನ್ನುತ್ತಿದೆ. ಟೀವಿಯಲ್ಲಿ ಹಾಡಿನ ಸ್ಪರ್ಧೆ ನಡೆಸಿಕೊಡುವವಳ ಹಸಿರು ಟಾಪನ್ನು ನಿಲ್ಲಿಸಿ ನಿಲ್ಲಿಸಿ ನೋಡಿ, ಅಂಥದ್ದೇ ಒಂದನ್ನು ಮಗಳಿಗೆಂದು ಕ್ರೋಶಾ ಕಡ್ಡಿಯಲ್ಲಿ ಹೆಣೆಯುತ್ತಿದ್ದೇನೆ. ಮಾದರಿ ಇಲ್ಲ, ಟೀವಿಯಲ್ಲಿ ಕಂಡಷ್ಟೇ ಗತಿ. ಟೀವಿಯವಳಿಗೆ ಅದು ಸೊಂಟಕ್ಕೆ ಅಂಟಿದಂತೆ ಕೂರುತ್ತದೆ. ಅಷ್ಟೇ ಬಿಗಿಯಾಗಿ ಹೆಣೆದರೆ ಮಗಳ ಮೈಗೆ ಹತ್ತುವುದೇ ಇಲ್ಲ.

"ಟಾಪು ಸರಿಯಾಗೇ ಇದೆ ಬಿಡಮ್ಮ, ನನ್ನ ಮೈಯೇ ಸರಿ ಇಲ್ಲ" ಅಂದಿದ್ದಳು ಮೊನ್ನೆ. ಆವತ್ತಿನಿಂದ ತಟ್ಟೆಯಲ್ಲಿ ಅರ್ಧ ಬಿಟ್ಟು ಏಳುತ್ತಾಳೆ.

ಇವತ್ತು ಅದೇ ಟಾಪು ಮತ್ತೆ ಬಂತು. ಗೆದ್ದ ಹುಡುಗಿ ಖುಷಿಗೆ ಅವಳನ್ನು ತಬ್ಬಿ ಗಿರ್ರನೆ ತಿರುಗಿಸಿಬಿಟ್ಟಳು. ಬೆನ್ನ ಮೇಲೆ ಸಾಲಾಗಿ ಮೂರು ಕ್ಲಿಪ್ಪು! ನಾವು ಬಟ್ಟೆ ಒಣಹಾಕಲು ಬಳಸುವಂಥವೇ. ಒಂದು ಹಿಡಿಯಷ್ಟು ಟಾಪನ್ನು ಹಿಂದಕ್ಕೆ ಎಳೆದು ಕಚ್ಚಿಸಿದ್ದಾರೆ.

"ನಿಲ್ಲಿಸಮ್ಮ, ನಿಲ್ಲಿಸು!" ಮಗಳು ಕಿರುಚಿದಳು. ನಿಲ್ಲಿಸಿದೆ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಊಟಕ್ಕೆ ಕೂತವಳು ಎರಡನೇ ಸಲ ಬಡಿಸಿಕೊಂಡಳು.

ನನಗೀಗ ನಗು ಬರುತ್ತಿಲ್ಲ. ಇಷ್ಟು ದಿನವೂ ಅಳತೆಯ ಟೇಪು ಕೈಯಲ್ಲೇ ಇತ್ತು. ಅದನ್ನು ಟೀವಿಯ ಗಾಜಿನ ಮೇಲೇ ಇಟ್ಟು ಅವಳ ಸೊಂಟ ಅಳೆದೆ. ಪಕ್ಕದಲ್ಲೇ ಕೂತಿದ್ದ ಮಗಳದ್ದನ್ನು ಒಂದು ಸಲವೂ ಅಳೆಯಲಿಲ್ಲ.