ಹೆಬ್ಬೆರಳಿನ ನೀಲಿ

ಫೆಬ್ರವರಿ 3, ಸೋಮವಾರ. ಬೆಳಿಗ್ಗೆ 6

ಸ್ನಾನ ಆಯಿತು. ಹತ್ತು ನಿಮಿಷ ಮಂಚದ ಮೇಲೆ ಕೂತೆ. ಸೀರೆ ಉಟ್ಟೆ. ಮತ್ತೆ ಹತ್ತು ನಿಮಿಷ. ಇನ್ನು ತಲೆ ಬಾಚಬೇಕು. ಬಾಚುವಷ್ಟು ಕೂದಲು ಬಂದಿದೆಯಲ್ಲ, ಅದಕ್ಕೆ ಸಂತೋಷಪಡಬೇಕಂತೆ.

ರೇಡಿಯೇಷನ್ ಮುಗಿದು ಎಂಟು ತಿಂಗಳು. ಸ್ಕ್ಯಾನ್ ಕ್ಲೀನ್. ದಣಿವು ಕೆಲವರಿಗೆ ಬಹಳ ದಿನ ಉಳಿಯುತ್ತದೆ ಅಂದರು ಡಾಕ್ಟರು, ನನ್ನ ಕಡೆ ನೋಡದೆ. ಸ್ಕಾರ್ಫ್ ಕಟ್ಟಿದ್ದಾಗ ಮೆಟ್ರೊದಲ್ಲಿ ಜನ ತಾವಾಗಿ ಏಳುತ್ತಿದ್ದರು. ಕೂದಲು ಬಂತು, ಸೀಟು ಹೋಯಿತು. ಸಂಜೆ ಫ್ಯಾಕ್ಟರಿಯಿಂದ ಮನೆಯಿರುವ ಮಿಯಾಪುರದವರೆಗೂ ನಿಂತೇ ಬರುತ್ತೇನೆ.

ಫೆಬ್ರವರಿ 12, ಬುಧವಾರ. ಸಂಜೆ

ಈ ಡೈರಿಯ ಅಂಚೆಲ್ಲ ನೀಲಿ. ನನ್ನ ಮಾರ್ಕರ್ ಸೋರುತ್ತದೆ. ಗೇಜ್ ಹಾಕಿ ಅಳತೆ ನೋಡಿದ ಪ್ರತಿ ಲೋಹದ ಉಂಗುರದ ಒಳಗೆ ಒಂದು ಚುಕ್ಕೆ ಇಡುವುದು ಇಪ್ಪತ್ತೆರಡು ವರ್ಷದ ಅಭ್ಯಾಸ. ಫ್ಯಾಕ್ಟರಿಯ ನಿಯಮವೇನಲ್ಲ. ಊಟಕ್ಕೆ ಮುಂಚೆ ಉಜ್ಜಿ ತೊಳೆಯುತ್ತೇನೆ, ಊಟ ಆದಮೇಲೆ ಟ್ರೇಗೆ ಕೂತರೆ ಹೆಬ್ಬೆರಳು ಮತ್ತೆ ನೀಲಿ, ಸಂಜೆ ಬರೆಯುವ ಪುಟಕ್ಕೂ ಅದೇ ಗುರುತು.

ಟ್ರೇಗೆ ನೂರಿಪ್ಪತ್ತು ಉಂಗುರ. ಮುಗಿದಮೇಲೆ ಟ್ಯಾಗಿಗೆ ನನ್ನ ಸೀಲು, ನಂಬರ್ 31. ಭಾಗ ಜೋಡಿಸುವ ಅಸೆಂಬ್ಲಿಯವರು ಚುಕ್ಕೆ ನೋಡುವುದಿಲ್ಲ, ಸೀಲು ನೋಡುತ್ತಾರೆ. ಉಂಗುರ ಯಾವುದರಲ್ಲಿ ಕೂರುತ್ತದೆಂದು ನಮಗೆ ಹೇಳುವುದಿಲ್ಲ. ಅದು ಸಿಡಿಯುವಂಥದ್ದು, ಒಬ್ಬ ಸೈನಿಕನ ಕೈಯಲ್ಲಿರುತ್ತದೆ, ಅಳತೆ ತಪ್ಪಿದರೆ ಆ ಕೈಯಲ್ಲೇ ಸಿಡಿಯಬಹುದು, ಅಷ್ಟು ಗೊತ್ತು.

ಎದೆ ಹೋಯಿತು, ರುಚಿ ಹೋಯಿತು, ಉಗುರು ಹೋದವು. 31 ಮಾತ್ರ ನನ್ನ ಹತ್ತಿರವೇ ಉಳಿಯಿತು.

ಫೆಬ್ರವರಿ 19, ಬುಧವಾರ. ಸಂಜೆ

ಇಂದು ಚೆನ್ನಾಗಿತ್ತು. ಊಟದ ನಂತರ ಎರಡು ಟ್ರೇ. ದಣಿವೇ ಇಲ್ಲ. ಹೀಗೇ ಇರಲಿ, ದೇವರೇ.

ಮಾರ್ಚ್ 6, ಗುರುವಾರ. ಸಂಜೆ 7

ರೊಟ್ಟಿಗೆ ಹಿಟ್ಟು ಹಾಕಿಕೊಂಡು ಕೈ ತೊಳೆಯಲು ಹೋದೆ. ಹೆಬ್ಬೆರಳು ನೋಡಿದೆ. ನೀಲಿ ಇಲ್ಲ.

ಮಧ್ಯಾಹ್ನ ಒಂದು ಟ್ರೇ ಪಾಸು ಮಾಡಿದ್ದೇನೆ. ಸೀಲು ಒತ್ತಿದ್ದು ನೆನಪಿದೆ. ಗೇಜ್ ಹಿಡಿದದ್ದು… ಇಲ್ಲ. ಊಟದ ಡಬ್ಬಿ ಮುಚ್ಚಿದ್ದು, ಆಮೇಲೆ ಸೀಲು. ನಡುವೆ ಏನೂ ಇಲ್ಲ.

ಹಿಟ್ಟು ಹಾಗೇ ಬಿಟ್ಟು ಕೂತಿದ್ದೇನೆ.

ಮಾರ್ಚ್ 7, ಶುಕ್ರವಾರ

ಟ್ರೇ ಬೆಳಿಗ್ಗೆಯೇ ಅಸೆಂಬ್ಲಿಗೆ ಹೋಗಿದೆ. ಪಕ್ಕದ ಬೆಂಚಿನ ನೇತ್ರಾಳನ್ನು ನಿನ್ನೆ ಮಧ್ಯಾಹ್ನದ ಬಗ್ಗೆ ಸುಮ್ಮನೆ ಕೇಳುವ ಹಾಗೆ ಕೇಳಿದೆ. ನೀವು ಮಾರ್ಕರ್ ಹಿಡಿದು ಭಾಳ ಹೊತ್ತು ಕೂತಿದ್ದಿರಿ, ಎಣಿಸುತ್ತಿದ್ದೀರಿ ಅಂದುಕೊಂಡೆ ಅಂದಳು. ಮುಚ್ಚಳ ತೆಗೆದಿರಲಿಲ್ಲವಂತೆ.

ಸೂಗಪ್ಪನವರ ಕ್ಯಾಬಿನ್ ಬಾಗಿಲವರೆಗೆ ಹೋದೆ. ಅವರೇ ನಮ್ಮ ಸೆಕ್ಷನ್ ಹೆಡ್. ಒಳಗೆ ಯಾರೋ ಇದ್ದರು. ಅದೇ ನೆಪ ಸಾಕಾಯಿತು, ವಾಪಸು ಬಂದೆ. ನನ್ನ ಮೇಲೆ ನನಗೇ ಹೇಸಿಗೆ.

ವಿನಾಯಕನಿಗೆ ಹೇಳಿದೆ. (ಗಂಡನ ಹೆಸರು ಇಲ್ಲಿ ಬರೆಯಬಹುದು, ಯಾರೂ ಓದುವುದಿಲ್ಲ.) ಮೇಲೆ ಇನ್ನೊಂದು ಚೆಕಿಂಗ್ ಇರುತ್ತದಲ್ಲ ಅಂದರು. ಇಲ್ಲ ಅಂದೆ. ಟಿವಿ ಆರಿಸಿ ನನ್ನ ಕಡೆ ತಿರುಗಿದರು. ಆಮೇಲೆ—

"ಹೇಳಿದರ ಸೀಲ್ ಕಸ್ಕೊತಾರ. ಮನ್ಯಾಗ ಕುಂತಿಯಂದ್ರ ಮತ್ತ ಪೇಷಂಟ್ ಆಗ್ತಿ. ನನಗ ಅದನ್ನ ಇನ್ನೊಮ್ಮೆ ನೋಡಾಕ ಆಗೂದಿಲ್ಲ."

ಸಿಟ್ಟು ಬಂತು. ಅವರ ಕಣ್ಣು ನೋಡಿ ಸಿಟ್ಟೂ ಉಳಿಯಲಿಲ್ಲ.

ಮಾರ್ಚ್ 12, ಬುಧವಾರ. ಸಂಜೆ

ಜ್ವರ ಅಂತ ಸುಳ್ಳು ಹೇಳಿ ಮೂರು ದಿನ ರಜೆ ಹಾಕಿದ್ದೆ. ಮೂರೂ ದಿನ ಆ ಕೈಯೇ ಕಣ್ಣ ಮುಂದೆ. ಮುಖವಿಲ್ಲದ ಸೈನಿಕ ಹುಡುಗನ ಕೈ.

ಇಂದು ಹೇಳಿದೆ. ಸೂಗಪ್ಪ ನನಗಿಂತ ಚಿಕ್ಕವರು, ಸೇಡಂ ಕಡೆಯವರು. ಹೊರಗೆ ಎಲ್ಲರ ಜೊತೆ ತೆಲುಗು, ನನ್ನ ಜೊತೆ ಕ್ಯಾಬಿನ್ನಿನಲ್ಲಿ ಕನ್ನಡ. ಬೈಯಲಿಲ್ಲ. ಅಸೆಂಬ್ಲಿಗೆ ಫೋನ್ ಮಾಡಿ ಲೈನ್ ನಿಲ್ಲಿಸಿದರು. ಪುಣ್ಯಕ್ಕೆ ಟ್ರೇ ಇನ್ನೂ ರ‍್ಯಾಕಿನಲ್ಲೇ ಇತ್ತು. ನೇತ್ರಾ ಕೂತು ಪೂರ್ತಿ ಅಳೆದಳು. ನೂರಿಪ್ಪತ್ತರಲ್ಲಿ ಎರಡು ರಿಜೆಕ್ಟ್.

ಎರಡು.

ಸೀಲು ಮೇಜಿನ ಮೇಲಿಟ್ಟೆ. ಕವರಿಗೆ ಹಾಕಿ ಅಂಟಿಸಿದರು. ಮೆಡಿಕಲ್ ಬೋರ್ಡಿನ ತಪಾಸಣೆ ಆಗುವವರೆಗೆ ಮನೆಯಲ್ಲೇ ಇರಿ ಅಂದರು. ಎದ್ದು ಬಾಗಿಲ ಹತ್ತಿರ ಬಂದಿದ್ದೆ, ಕರೆದರು.

"ಅಕ್ಕಾರ, ಇದೊಂದ ಟ್ರೇ ಅಂತ ನಿಮಗ ಹೆಂಗ ಗೊತ್ತು?"

ನೆನಪು ಮಾಡಿಕೊಂಡು, ದಣಿದ ದಿನಗಳ ತಾರೀಖು ಬರೆದುಕೊಡಿ ಅಂದರು.

ಮಾರ್ಚ್ 13, ಗುರುವಾರ. ಮಧ್ಯಾಹ್ನ 3

ಡೈರಿ ತೆಗೆದು ಕೂತಿದ್ದೇನೆ. ಇದಾದರೂ ಉಪಯೋಗಕ್ಕೆ ಬಂತು. ದಣಿವು ಅಂತ ಸಂಜೆ ಬರೆದ ದಿನಗಳನ್ನೆಲ್ಲ ಒಂದು ಹಾಳೆಗೆ ಇಳಿಸಿದೆ. ಹನ್ನೊಂದಾದವು. ಆದರೆ ಆ ಪುಟಗಳಲ್ಲೆಲ್ಲ ಅಂಚಿಗೆ ಹೆಬ್ಬೆರಳ ನೀಲಿ ಇದೆ. ದಣಿದಿದ್ದೆ, ಆದರೂ ಕೆಲಸ ಮಾಡಿದ್ದೆ. ಸ್ವಲ್ಪ ಉಸಿರು ಬಂತು. ಮಾರ್ಚ್ ಆರನೆಯ ತಾರೀಖಿನದು ಒಂದೇ, ನೀಲಿ ಇಲ್ಲದ್ದು. ಒಂದೇ ಸಲ ಆದದ್ದು ಅಂತ ಸೂಗಪ್ಪನವರಿಗೆ ಧೈರ್ಯವಾಗಿ ಹೇಳಬಹುದು ಅಂದುಕೊಂಡೆ.

ಚೆನ್ನಾಗಿದ್ದ ದಿನಗಳನ್ನು ನೋಡಿರಲಿಲ್ಲ. ನೋಡುವುದೇನಿದೆ ಅನ್ನಿಸಿತ್ತು. ಈಗ ಸುಮ್ಮನೆ ತಿರುವಿದೆ.

ಫೆಬ್ರವರಿ 19. ದಣಿವೇ ಇಲ್ಲ, ಹೀಗೇ ಇರಲಿ ದೇವರೇ.

ಬೆಳಕಿಗೆ ಹಿಡಿದು ನೋಡಿದೆ. ಹಿಂದೆ ಮುಂದೆ ತಿರುವಿ ನೋಡಿದೆ. ಅಂಚು ಬೆಳ್ಳಗಿದೆ, ನೀಲಿ ಎಲ್ಲೂ ಇಲ್ಲ.

ಎರಡು ಟ್ರೇ. ಇನ್ನೂರ ನಲವತ್ತು. ಮೂರು ವಾರದ ಮೇಲಾಯಿತು. ಅವು ಅಸೆಂಬ್ಲಿ ದಾಟಿ, ಗೇಟೂ ದಾಟಿ ಈಗ ಯಾರ ಕೈಯಲ್ಲಿವೆಯೋ.