ಕತ್ತೆ ಯಾಕೆ ನಿಂತಿತು

ಹಿಂದೂಪುರ
ಶ್ರಾವಣ, ೧೯೫೧

ನಿರ್ಮಲಕ್ಕನವರಿಗೆ ಭ್ರಮರಾಂಬಳ ನಮಸ್ಕಾರ.

ನೀವು ಕಲ್ಯಾಣದುರ್ಗಕ್ಕೆ ಹೊರಟಾಗ ಇಲ್ಲಿಯ ಹೆಂಗಸರ ಓದಿನ ತರಗತಿಯನ್ನು ನನಗೆ ಒಪ್ಪಿಸಿ, ಉಡುಸಲಮ್ಮನ ವಿಷಯದಲ್ಲಿ ಒಂದು ಮಾತು ಹೇಳಿದ್ದಿರಿ: “ಅವಳು ಓದಲ್ಲ ಕಣಮ್ಮ, ಕೇಳಿದ್ದನ್ನ ಬಾಯಿಪಾಠ ಮಾಡ್ಬುಟ್ಟು ಒಪ್ಪಿಸ್ತಾಳೆ.” ಆ ಮಾತಿಗೆ ಈಗ ಉತ್ತರ ಬರೆಯುತ್ತಿದ್ದೇನೆ.

ಇದ್ದ ಒಂದೇ ಕಥೆ ಪುಸ್ತಕದ ಹೊಲಿಗೆ ಬಿಚ್ಚಿ ನೀವು ಹಾಳೆ ಹಾಳೆಯಾಗಿ ಹಂಚುತ್ತಿದ್ದಿರಲ್ಲ, ನಾನೂ ಹಾಗೆಯೇ ನಡೆಸಿದ್ದೇನೆ. ಅರ್ಧ ನಿಮ್ಮ ಜೊತೆ ಹೋಯಿತು, ಅರ್ಧ ಇಲ್ಲಿದೆ. ಗೌರಕ್ಕ ಈಗ ಒತ್ತಕ್ಷರಕ್ಕೆ ಹೆದರುವುದಿಲ್ಲ. ಬಸ್ಸಿನ ಹಲಗೆ ಓದಿ ಲೇಪಾಕ್ಷಿಗೆ ಹೋಗುವವರನ್ನೆಲ್ಲ ತಾನೇ ಹತ್ತಿಸುತ್ತಾಳಂತೆ. ಉಡುಸಲಮ್ಮ ಮಾತ್ರ ಎಲ್ಲರ ದನಿಯ ಹಿಂದೆ ಅಡಗಿಕೊಂಡೇ ಇದ್ದಳು.

ನಿನ್ನೆ ಅವಳ ಅತ್ತೆ ಮುನಿಯಕ್ಕ ಬಂದು ಹೊಸ್ತಿಲ ಬಳಿ ಕುಳಿತರು. “ಇವಳಿಗೆ ಓದು ಬಂದೈತಾ ನೋಡ್ಕೊಂಡು ಹೋಯ್ತೀನಿ ಕಣಮ್ಮ. ಬಂದಿಲ್ಲ ಅಂದ್ರೆ ನಾಳೆಯಿಂದ ಮನೇಲಿ ಕಡ್ಲೆಕಾಯಿ ಸುಲೀಲಿ.” ನಾನು ವಾದಿಸಲಿಲ್ಲ. ಕುಂಬಾರನ ಕತ್ತೆಯ ಕಥೆಯನ್ನು ತರಗತಿಯಲ್ಲಿ ಯಾರೂ ಇನ್ನೂ ಓದಿರಲಿಲ್ಲ. ಆ ಹಾಳೆಯನ್ನು ಉಡುಸಲಮ್ಮನ ಕೈಗೆ ಕೊಟ್ಟು, “ನನಗಲ್ಲ, ನಿಮ್ಮತ್ತೆಗೆ ಓದಿ ಹೇಳು” ಎಂದೆ.

ಬೆರಳು ಸಾಲಿನ ಕೆಳಗೆ ಸರಿಯಿತು. ತುಟಿ ಅಲ್ಲಾಡಿತು. ಆಮೇಲೆ ಅವಳು ಬಾಯಿ ಬಿಟ್ಟದ್ದು ತೆಲುಗಿನಲ್ಲಿ! ಆ ಮನೆಯಲ್ಲಿ ಅತ್ತೆಯೊಡನೆ ತೆಲುಗಿನಲ್ಲೇ ಮಾತು; ಅತ್ತೆಗೆ ಹೇಳಬೇಕೆಂದರೆ ಅವಳಿಗೆ ಬೇರೆ ದಾರಿಯೇ ತೋಚಲಿಲ್ಲ. ಗೌರಕ್ಕ ನಕ್ಕುಬಿಟ್ಟಳು. “ಕನ್ನಡದ ಹಾಳೇಲಿ ತೆಲುಗು ಎಲ್ಲೈತೆ ಕಣೇ? ಸುಳ್ಳು ಪೋಣಿಸ್ತಾ ಅವ್ಳೆ!” ಮುನಿಯಕ್ಕ ಏಳಲೆಂದು ಗೋಡೆ ಹಿಡಿದರು.

ಬೇರೆ ಭಾಷೆಗಳಿಂದ ಅನುವಾದವಾಗಿ ಬಂದ ಕಾದಂಬರಿಗಳನ್ನು ನಾನು ಎಷ್ಟು ಅನುಮಾನದಿಂದ ಓದುತ್ತೇನೆಂದು ನೀವು ಬಲ್ಲಿರಿ. ಅವಳ ಹಿಂದೆ ನಿಂತು ಸಾಲು ಸಾಲಾಗಿ ಹೋಲಿಸಿದೆ. ಏನೂ ಬಿಟ್ಟಿರಲಿಲ್ಲ, ಏನೂ ಸೇರಿಸಿರಲಿಲ್ಲ. ಕುಂಬಾರನ ಹೆಂಡತಿಯ ಬೈಗುಳ ಮಾತ್ರ ತೆಲುಗಿನಲ್ಲಿ ಇನ್ನಷ್ಟು ಖಾರವಾಗಿತ್ತು. “ಕೂತ್ಕೊಳ್ಳಿ ಮುನಿಯಕ್ಕ, ನಿಮ್ಮ ಸೊಸೆ ಓದ್ತಾ ಇದಾಳೆ” ಎಂದೆ.

ಬಾವಿಯ ಬಳಿ ಕತ್ತೆ ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಹಾಳೆ ಅಲ್ಲಿಗೆ ಮುಗಿಯುತ್ತದೆ. ಉಡುಸಲಮ್ಮ ಹಾಳೆ ತಿರುವಿ ನೋಡಿದಳು. ಮುನಿಯಕ್ಕ ಮುಂದಕ್ಕೆ ಬಾಗಿ, “ಗಾಡಿದ ಎಂದುಕು ನಿಲಿಚಿಂದೇ?” ಎಂದರು. ಕತ್ತೆ ಯಾಕೆ ನಿಂತಿತೆಂದು ಉಡುಸಲಮ್ಮ ಊಹಿಸಿ ಏನನ್ನಾದರೂ ಹೇಳಬಹುದಿತ್ತು. ಅವಳು ಹಾಳೆಯ ಎರಡೂ ಮಗ್ಗುಲು ತೋರಿಸಿ, “ಇಂದುಲೋ ಲೇದತ್ತಾ” ಎಂದಳು, ಇದರಲ್ಲಿ ಇಲ್ಲವೆಂದು. ಬಾಯಿಪಾಠದವರು ಹಾಗೆ ನಿಲ್ಲುವುದಿಲ್ಲ, ಅಕ್ಕ.

ಇವತ್ತು ಮುನಿಯಕ್ಕ ಸೊಸೆಗಿಂತ ಮೊದಲೇ ಬಂದು, ಮೊರ ತೊಡೆಯ ಮೇಲಿಟ್ಟುಕೊಂಡು ಕಡಲೆಕಾಯಿಯನ್ನು ತಾವೇ ಸುಲಿಯುತ್ತ ಕುಳಿತಿದ್ದಾರೆ. ಆ ಕಥೆಯ ಉಳಿದ ಹಾಳೆಗಳು ನಿಮ್ಮ ಕಟ್ಟಿನಲ್ಲಿವೆ. ಬಸ್ಸಿನವರ ಕೈಯಲ್ಲಿ ಬೇಗ ಕಳುಹಿಸಿ. ಕತ್ತೆ ನಿಂತ ಕಾರಣ ನನಗೆ ಗೊತ್ತು. ಮುನಿಯಕ್ಕ ಎಷ್ಟು ಕೇಳಿದರೂ ಹೇಳಿಲ್ಲ. ಅದನ್ನು ಉಡುಸಲಮ್ಮನೇ ಓದಿ ಹೇಳಬೇಕು.

ನಿಮ್ಮ ಹೊಸ ತರಗತಿಯ ಹೊಸ್ತಿಲಲ್ಲೂ ಇಂಥ ಅತ್ತೆಯೊಬ್ಬರು ಬಂದು ಕೂರಲೆಂದು ಹಾರೈಸುವ,
ಭ್ರಮರಾಂಬ