ಮಿಂಟಿಯ ಕೆಂಪು ಪಾದ

೧೪ ಜೂನ್ ೨೦೨೫, ಶನಿವಾರ

ನಮ್ಮ ಬೆಕ್ಕು ಮಿಂಟಿ ಇವತ್ತೂ ಪಾದ ನೆಕ್ಕಿ, ಕಚ್ಚಿ ಕೆಂಪು ಮಾಡಿಕೊಂಡಿದೆ. "ನೆಲಕ್ಕೆ ಎಂತ ಹಾಕ್ತೀರಿ?" ಎಂದು ಬೆಳಿಗ್ಗೆ ಪ್ರಾಣಿಗಳ ಡಾಕ್ಟರು ಕೇಳಿದಾಗಲೇ ನನಗೆ ಫಿನಾಯಿಲ್ ನೆನಪಾದದ್ದು. ಅದೇ ಸುಡುತ್ತಿರಬಹುದಂತೆ. ಡ್ಯಾಡಿ ತೀರಿಕೊಂಡ ಕೋಣೆಯನ್ನು ಮಮ್ಮಿ ದಿನಾ ಫಿನಾಯಿಲ್ ಹಾಕಿಯೇ ಒರೆಸುತ್ತಾಳೆ. ಕಾಯಿಲೆಯ ವಾಸನೆ ಇನ್ನೂ ಹೋಗಿಲ್ಲವಂತೆ. ನನಗಂತೂ ಬರುವುದಿಲ್ಲ. ಮಿಂಟಿ ಮಲಗುವುದೂ ಅಲ್ಲೇ, ಡ್ಯಾಡಿಯ ಮಂಚದಡಿ.

ಸಂಜೆ ಮಮ್ಮಿ ಪ್ರಾರ್ಥನೆಗೆ ಇಗರ್ಜಿಗೆ ಹೋದಾಗ ಆ ಕೋಣೆಯನ್ನು ಬರೀ ನೀರಿನಲ್ಲಿ ಒರೆಸಿಬಿಟ್ಟೆ. ಬಂದವಳು ಬಾಗಿಲಲ್ಲೇ ನಿಂತು ಮೂಸಿದಳು. ಬೈಗುಳ ಗ್ಯಾರಂಟಿ ಅಂದುಕೊಂಡೆ.

"ಎಲ್ವಿಟಾ, ಇವತ್ತು ಡ್ಯಾಡಿಯ ವಾಸನೆ ಉಂಟಲ್ಲ" ಎಂದು ಮಂಚದ ಮೇಲೆ ಕೂತವಳು ಊಟಕ್ಕೂ ಏಳಲಿಲ್ಲ.

ಅವಳಿಗೆ ಆ ವಾಸನೆ ಹೋಗಬೇಕಿತ್ತೋ, ಇರಬೇಕಿತ್ತೋ, ನನಗೆ ತಿಳಿಯುತ್ತಿಲ್ಲ. ನಾಳೆ ಬಕೆಟಿಗೆ ಏನು ಹಾಕಲಿ?